ಹೋರಿಗ್ಯಾಕೆ ಸೂಜಿ ಅಂದಿದ್ದ ಓರೆಸ್ಟ್

ಅಕ್ಟೋಬರ್ ಬಂತೆಂದರೆ ಸಸ್ಕಾಚೆವಾನ್ ಪ್ರಾಂತ್ಯದ ದನ ಸಾಕುವವರಿಗೆ ಗಬ್ಬ ನೋಡಿಸುವ ಕೆಲಸ. ಓರೆಸ್ಟ್ ಹ್ನಾಟ್ಯುಕ್‌ಗೆ ಆವತ್ತು ಯಾವ ಚಿಂತೆಯೂ ಇರಲಿಲ್ಲ. ಅವನ ನಲವತ್ತು ಹಸುಗಳೂ ಮೇದು ಗುಂಡಗಾಗಿದ್ದವು. ಮೊದಲನೆಯದು ಕಬ್ಬಿಣದ ಕಟಕಟೆಗೆ ಬಂತು. ಅವನನ್ನು ಮಾವ ಎಂದೇ ಕರೆಯುವ ಊರಿನ ಪಶುವೈದ್ಯೆ ಲೀಸಿಯಾ ಹೆಗಲುದ್ದದ ಕೈಗವಸು ತೊಟ್ಟು ಒಳಗೆ ಕೈಹಾಕಿ ನೋಡಿದಳು.

"ಖಾಲಿ. ಗಬ್ಬ ಇಲ್ಲ."

ಒಂದೆರಡು ಹಾಗಿರುತ್ತವೆ, ಇರಲಿ ಎಂದುಕೊಂಡ.

"ಇದೂ ಖಾಲಿ, ಮಾವ. ಇದೂನೂ."

ಓರೆಸ್ಟ್ ಕಟಕಟೆಯ ಹತ್ತಿರಕ್ಕೇ ಬಂದು ನಿಂತ. ಮಧ್ಯಾಹ್ನದ ಹೊತ್ತಿಗೆ ಹದಿನಾರು ಹಸು ಖಾಲಿ! ಗೇಟು ಹಿಡಿದು ನಿಂತಿದ್ದ ಹೆಂಡತಿ ಸ್ಟೆಫ್ಕಾ ಮತ್ತೊಮ್ಮೆ ಎಣಿಸಿ ನೋಡಿದಳು.

"ಸಾಧ್ಯಾನೇ ಇಲ್ಲ ಕಣಮ್ಮಾ!" ಓರೆಸ್ಟ್ ಕೂಗಿದ. "ಜೂನಲ್ಲಿ ಬಿಟ್ಟಾಗಿಂದ ಆಗಸ್ಟ್ ಮುಗಿಯೋವರೆಗೂ ಹೋರಿ ಒಂದು ದಿನ ಸುಮ್ನೆ ನಿಂತಿಲ್ಲ. ಎಂಥಾ ಗಟ್ಟಿ ಹೋರಿ ಅಂತ ಊರೆಲ್ಲಾ ಹೇಳ್ಕೊಂಡು ಬಂದಿದೀನಿ!"

ಲೀಸಿಯಾ ಗಾಬರಿಯಾದಳು. "ಆಗಸ್ಟಲ್ಲೂನಾ? ಅಯ್ಯೋ, ಜೂನಲ್ಲೇ ಗಬ್ಬ ನಿಂತಿದ್ರೆ ಆಗಸ್ಟಲ್ಲಿ ಅದಕ್ಕೇನು ಕೆಲಸ? ಹಸುಗಳು ಮತ್ತೆ ಮತ್ತೆ ಬೆದೆಗೆ ಬಂದಿವೆ. ಹೋರಿ ಎಲ್ಲೀದು?"

"ಪಕ್ಕದ ಮಿಕೋಲಾಂದು, ಎರವಲು. ಕೆಮ್ಮಿಲ್ಲ, ಕುಂಟಿಲ್ಲ, ಲಕ್ಷಣವಾಗಿದೆ."

"ಲಸಿಕೆ ಹಾಕ್ಸಿದ್ರಾ?"

"ಹಸುಗಳಿಗೇ ಎರಡು ವರ್ಷದಿಂದ ಹಾಕ್ಸಿಲ್ಲ. ಇನ್ನು ಹೋರಿಗ್ಯಾಕೆ ಸೂಜಿ? ಅದೇನು ಕರು ಹಾಕುತ್ತಾ?"

"ಹೋರಿಯಿಂದ್ಲೇ ಮಾವ ಇದೆಲ್ಲಾ ಬರೋದು! ವಿಬ್ರಿಯೊ ಅನ್ನೋ ರೋಗಾಣು ಇರ್ಬೇಕು, ಪರೀಕ್ಷೆ ಮಾಡಿಸ್ತೀನಿ. ಅದು ಹೋರೀಲಿ ತಣ್ಣಗೆ ಕೂತಿರುತ್ತೆ, ಹೋರಿಗೇನೂ ಆಗಲ್ಲ. ಹೋರಿ ಕೂಡಿದ ಹಸುಗಳಿಗೆ ಅಂಟುತ್ತೆ. ನಿಂತ ಗಬ್ಬ ಕೆಲವೇ ವಾರದಲ್ಲಿ ಕರಗಿಹೋಗುತ್ತೆ. ನಮ್ಮ ಕಣ್ಣಿಗೂ ಬೀಳಲ್ಲ."

ಸ್ಟೆಫ್ಕಾ ಮೆಲ್ಲಗೆ ಕೇಳಿದಳು, "ಅಂದ್ರೆ... ಕರುಗಳು ಇದ್ವಾ?"

"ಇದ್ವು ಅತ್ತೆ. ಉಳೀಲಿಲ್ಲ."

ಪರೀಕ್ಷೆಯಲ್ಲೂ ಅದೇ ಬಂತು. ಖಾಲಿ ಹಸುಗಳಿಗೆ ಚಳಿಗಾಲವಿಡೀ ಮೇವು ಹಾಕುವಷ್ಟು ಹುಲ್ಲು ಯಾರ ಬಳಿಯೂ ಇರುವುದಿಲ್ಲ. ಕಸಾಯಿಖಾನೆಯ ಲಾರಿ ಬಂತು. ಸ್ಟೆಫ್ಕಾ ಬಾಟಲಿ ಹಾಲು ಕುಡಿಸಿ ಸಾಕಿದ ಹಸು ಝೋರ್ಕಾ ಕೂಡ ಆ ಹದಿನಾರರಲ್ಲಿತ್ತು. "ಇವಳ ತಪ್ಪೇನಿತ್ತು ಹೇಳ್ರೀ?" ಎಂದು ಆಕೆ ಕೇಳಿದಳು. ಓರೆಸ್ಟ್ ತಾನೇ ಅದನ್ನು ಲಾರಿಗೆ ಹತ್ತಿಸಿದ.

ಆವತ್ತೇ ಅವನು ರೋಗದ ವಿಷಯ ಹೇಳಲು ಮಿಕೋಲಾನ ಮನೆಗೆ ಓಡಿದ. ಆ ಹೋರಿಯನ್ನೂ ಕಸಾಯಿಖಾನೆಗೇ ಮಾರಿದರು. ವಸಂತದಲ್ಲಿ ಇಬ್ಬರೂ ಎಳೆಯ ಹೋರಿಗಳನ್ನು ತಂದು, ಹಸುಗಳಿಗೂ ಹೋರಿಗಳಿಗೂ ಲಸಿಕೆ ಹಾಕಿಸಿ, ಆಮೇಲೆ ಹುಲ್ಲುಗಾವಲಿಗೆ ಬಿಟ್ಟರು. ಸೂಜಿ ಚುಚ್ಚುವಾಗ ಹೋರಿಯ ತಲೆ ಹಿಡಿದವನು ಓರೆಸ್ಟೇ.

ನಿಮ್ಮ ಹಸುಗಳೂ ಮತ್ತೆ ಮತ್ತೆ ಬೆದೆಗೆ ಬರುತ್ತಿವೆಯೇ? ಹೋರಿ ಗಟ್ಟಿ ಎಂದು ಹಿಗ್ಗಬೇಡಿ, ಇವತ್ತೇ ಪಶುವೈದ್ಯರನ್ನು ಕರೆಯಿರಿ. ಎರವಲು ಹೋರಿಯನ್ನು ಪರೀಕ್ಷೆ ಮಾಡಿಸದೆ ಮಂದೆಗೆ ಬಿಡಲೇಬೇಡಿ. ಹೋರಿ ಬಿಡುವುದಕ್ಕೆ ತಿಂಗಳು ಮುಂಚೆಯೇ, ಪ್ರತಿ ವರ್ಷವೂ, ಹಸುವಿಗೂ ಹೋರಿಗೂ ಲಸಿಕೆ ಹಾಕಿಸಿ. ಲಾರಿ ಬಂದು ನಿಂತ ಮೇಲೆ ಯಾವ ಸೂಜಿಯೂ ಕೆಲಸಕ್ಕೆ ಬರುವುದಿಲ್ಲ.