ಹನ್ನೆರಡರ ಗೆರೆ

ಹಾವೇರಿಯ ಸಂಜೆ ಕ್ಲಾಸಿನಲ್ಲಿ ಕಂಪ್ಯೂಟರ್ ಕಲಿತ ನಾನು ಬ್ಯಾಡಗಿಯ ಕೋಲ್ಡ್ ಸ್ಟೋರೇಜ್ ಸೇರಿ ಆರು ತಿಂಗಳಾಗಿತ್ತು. ೨೦೦೬ರ ಫೆಬ್ರುವರಿ, ಮೆಣಸಿನಕಾಯಿ ಸುಗ್ಗಿ. ಬಂದ ಪ್ರತಿಯೊಬ್ಬರ ಮಾಲಿಗೂ ಎಕ್ಸೆಲ್ ಚಾರ್ಟಿನಲ್ಲಿ ಒಂದು ಚುಕ್ಕೆ ಬೀಳುವಂತೆ ಮ್ಯಾಕ್ರೊ ಎಂಬ ಪುಟ್ಟ ಪ್ರೋಗ್ರಾಂ ಬರೆದಿದ್ದೆ: ಅಡ್ಡಕ್ಕೆ ಶೇಕಡಾ ತೇವ, ಮೇಲಕ್ಕೆ ಬಣ್ಣದ ಅಳತೆ.

ಸಾವಕಾರ ವಿಜಯಮಹಾಂತೇಶ ಅವರಿಗೆ ಅದು ಸಾಲಲಿಲ್ಲ. “ಬರೇ ಚುಕ್ಕಿ ನೋಡಿದ್ರ ದಡಾರ ಎದ್ದಂಗ ಕಾಣಸ್ತೈತಿ. ಯಾರದು ಯಾವುದಂತ ಹೆಸರು ಹಾಕು. ತೇವ ಹನ್ನೆರಡಕ್ಕೊಂದು ಗೆರಿ ಎಳಿ. ಗೆರಿ ದಾಟಿದ್ದು ಒಳಗ ಬ್ಯಾಡ.”

ಗೆರೆ ಸುಲಭವಾಯಿತು. ಹನ್ನೆರಡರಲ್ಲಿ ಕೆಳಗೊಂದು, ಮೇಲೊಂದು ಬಿಂದು ಕೊಟ್ಟು ಜೋಡಿಸಿದೆ. ಹೆಸರಿಗೆ ಮಾತ್ರ ಮೂರು ದಿನ ಹಿಡಿಯಿತು. ಒಂದನೇ ಚುಕ್ಕೆಗೆ ಪಟ್ಟಿಯ ಒಂದನೇ ಹೆಸರು, ಎರಡನೆಯದಕ್ಕೆ ಎರಡನೆಯದು ಎಂದು ಬರೆದು, ಹತ್ತು ಸಲ ಪರೀಕ್ಷಿಸಿ, ಹೆದರುತ್ತಲೇ ಮನೆಗೆ ಹೋದೆ.

ಮರುದಿನ ನಾನು ಬರುವಷ್ಟರಲ್ಲಿ ಗುಮಾಸ್ತ ಹಾಲೇಶಪ್ಪನವರು ಚಾರ್ಟನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದ್ದರು. ಎಲ್ಲಕ್ಕಿಂತ ಮೇಲಿನ ಚುಕ್ಕೆಯ ಪಕ್ಕದಲ್ಲಿ ‘ಶ್ರೀ ವೀರಭದ್ರೇಶ್ವರ ಪ್ರಸನ್ನ’ ಎಂದಿತ್ತು. ಸಾವಕಾರರು ಕೈ ಮುಗಿದರು.

“ಛಲೋ ಮಾಡೀದಿ, ಸುಧಾರಾಣಿ. ದೇವರನ್ನ ಎಲ್ಲಾರಕಿಂತ ಮ್ಯಾಲ ಇಟ್ಟೀದಿ.”

ನಾನು ಇಟ್ಟಿರಲಿಲ್ಲ. ಹೊಗಳಿದವರ ಮುಂದೆ ಅದನ್ನು ಹೇಳಲು ಬಾಯಿ ಬರಲಿಲ್ಲ.

ಅಷ್ಟರಲ್ಲಿ ದೇವರಗುಡ್ಡದ ಗುತ್ತೆವ್ವ ಒಳಗೆ ಬಂದರು. ಚಾರ್ಟಿನಲ್ಲಿ ಅವರ ಹೆಸರು ಗೆರೆಯ ಆಚೆ, ಹದಿನೈದರ ಹತ್ತಿರವಿತ್ತು. ಅವರ ಹದಿನೆಂಟು ಚೀಲಗಳನ್ನು ಹಮಾಲರು ವಾಪಸ್ ಟೆಂಪೊಗೆ ಹೇರುತ್ತಿದ್ದರು.

“ಯವ್ವಾ, ನೀ ಓದಿದಾಕಿ. ನನ್ನ ಕಾಯಿ ಹಸಿ ಅಂತೀಯೇನು?” ಎಂದು ಒಂದು ಹಿಡಿ ಕಾಯನ್ನು ನನ್ನ ಕಿವಿಗೆ ಹಿಡಿದು ಅಲ್ಲಾಡಿಸಿದರು. ಒಳಗೆ ಬೀಜ ಗಲಗಲ ಎಂದವು. “ಹಸೀ ಕಾಯಿ ಹಿಂಗ ಸಪ್ಪಳ ಮಾಡ್ತೈತೇನು?”

ಲಗುಬಗೆಯಿಂದ ಪಟ್ಟಿ ತೆರೆದೆ. ಹೆಸರುಗಳ ಸಾಲಿನ ನೆತ್ತಿಯ ಮೇಲೆ ದೇವರು.

“ಹಾಲೇಶಣ್ಣಾ, ಇದನ್ನ ನೀವು ಬರದ್ರೇನ್ರಿ?”

“ಮತ್ತ? ದೇವರ ಹೆಸರು ಹಾಕದ ಯಾರರ ಪಟ್ಟಿ ಚಾಲೂ ಮಾಡ್ತಾರೇನು? ಕಂಪ್ಯೂಟರಿಗೆ ಬ್ಯಾರೇ ರಿವಾಜ ಐತೇನು?”

ದೇವರಿಗೆ ಜಾಗ ಬಿಟ್ಟು ಹೆಸರುಗಳೆಲ್ಲ ಒಂದೊಂದು ಮನೆ ಕೆಳಗೆ ಇಳಿದಿದ್ದವು, ಪಕ್ಕದ ಸಾಲಿನ ಅಳತೆಗಳು ಇದ್ದಲ್ಲೇ ಇದ್ದವು. ಸಾವಕಾರರ ಕಡೆ ತಿರುಗಿದೆ.

“ತಪ್ಪು ನಂದರಿ, ಸಾವಕಾರ್ರ. ನೋಡಿದ ಕೂಡ್ಲೇ ಹೇಳಬೇಕಿತ್ತು. ಒಬ್ಬರ ಹೆಸರು ಇನ್ನೊಬ್ಬರ ಚುಕ್ಕಿಗೆ ಬಿದ್ದೈತಿ. ನೀವು ಕೈ ಮುಗಿದಿದ್ದು ಗುತ್ತೆವ್ವನ ಕಾಯಿಗೆ. ಅದು ಗೆರಿ ಒಳಗ ಐತ್ರಿ.”

“ಮತ್ತ ಹದಿನೈದರ ಹಸೀದು ಯಾರದು?”

ಪಟ್ಟಿಯಲ್ಲಿ ಗುತ್ತೆವ್ವನ ಕೆಳಗಿನ ಹೆಸರು ನೋಡಿದೆ. “ನಿಮ್ಮ ಹೊಲದ್ದರಿ.”

ಸಾವಕಾರರು ಚಾರ್ಟಿನ ಗೆರೆಯ ಮೇಲೆ ಬೆರಳಿಟ್ಟರು. “ಈ ಗೆರಿ ಒಂದೀಟು ಆಕಡೆ ಸರೀತೈತೇನು?”

“ಸರೀತೈತ್ರಿ. ಹನ್ನೆರಡರ ಜಾಗಾದಾಗ ಹದಿನಾರು ಅಂತ ಬರದ್ರ ಆತು.” ಕೀಬೋರ್ಡಿನಿಂದ ಕೈ ತೆಗೆದೆ. “ಆದ್ರ ಗುತ್ತೆವ್ವನ್ನ ಹನ್ನೆರಡಕ್ಕ ಹೊರಗ ಹಾಕಿದ್ವಿರಿ.”

ಬೆಂಚಿನ ಮೇಲೆ ಕುಳಿತಿದ್ದ ಗುತ್ತೆವ್ವ ಸೆರಗಿನಿಂದ ಮುಖ ಒರೆಸಿಕೊಂಡರು. “ಮೂರು ದಿನ ಬಿಸಲಿಗೆ ಹರವ್ರಿ, ಸಾವಕಾರ್ರ. ಕೈಯಾಡಿಸಿ ಹೊಳ್ಳಿಹಾಕಾಕ ಬರದಿದ್ರ ಹೇಳ್ರಿ, ನಾ ಕಲಿಸ್ತೇನಿ.”

ಸಾವಕಾರರಿಗೆ ನಗು ತಡೆಯಲಾಗಲಿಲ್ಲ. ಬಾಗಿಲಿಗೆ ಹೋಗಿ ಹಮಾಲರನ್ನು ಕೂಗಿದರು: “ಆಕಿ ಚೀಲ ಇಳಿಸಿ ಒಳಗ ಒಯ್ಯಿರಿ. ನಮ್ಮವನ್ನ ಅಂಗಳಕ್ಕ ಸುರಿರಿ.”

ಹದಿನೆಂಟನೆಯ ಚೀಲ ಹೊಸ್ತಿಲು ದಾಟುವವರೆಗೂ ನಾನು ಎಣಿಸುತ್ತ ನಿಂತಿದ್ದೆ.