ಓದದವನಿಗೆ ಉತ್ತಮ ಓದುಗ ಪ್ರಶಸ್ತಿ

ಹೊಸಂಗಡಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿರುವ ನನಗೆ ಸಾಹಿತ್ಯದ ಬಗ್ಗೆ ಅಭಿಪ್ರಾಯವಿದೆ ಎಂದು ಮೂರು ವರ್ಷದ ಹಿಂದೆ ಯಾರಾದರೂ ಹೇಳಿದ್ದರೆ ಮೊದಲು ನಗುತ್ತಿದ್ದವನು ನಾನೇ. ಈಗ ನಗುವ ಹಾಗಿರಲಿಲ್ಲ. ನಮ್ಮ ವಾಚನಾಲಯದವರು ನನ್ನನ್ನು ವರ್ಷದ ಉತ್ತಮ ಓದುಗ ಎಂದು ಆರಿಸಿದ್ದರು. ಸುದ್ದಿ ತಿಳಿದಾಗ ನನಗಾದದ್ದು ಸಂತೋಷವಲ್ಲ, ಗಾಬರಿ. ಆ ಮೂರು ವರ್ಷದಲ್ಲಿ ನಾನು ಒಂದೇ ಒಂದು ಪುಸ್ತಕವನ್ನೂ ಕೊನೆಯವರೆಗೆ ಓದಿರಲಿಲ್ಲ.

ಇದಕ್ಕೆಲ್ಲ ಮೂಲ ಗೋಳಿಬಜೆ. ವಾಚನಾಲಯದಲ್ಲಿ ತಿಂಗಳ ಕೊನೆಯ ಭಾನುವಾರ ಅಭಿಪ್ರಾಯ ಕೂಟ ನಡೆಯುತ್ತದೆ. ಓದಿದ ಪುಸ್ತಕವೋ, ನೋಡಿದ ನಾಟಕವೋ, ಹೋಗಿ ಬಂದ ಜಾಗವೋ, ಯಾವುದರ ಬಗ್ಗೆಯಾದರೂ ಐದು ನಿಮಿಷ ಮಾತಾಡಬೇಕು. ಕೈಯಲ್ಲಿ ಚೀಟಿ ಇರಬಾರದು. ಹೇಳಲು ಏನೂ ಇಲ್ಲದವರು ಮುಂದಿನ ಕೂಟಕ್ಕೆ ಮನೆಯಿಂದ ಎಲ್ಲರಿಗೂ ಗೋಳಿಬಜೆ ತರಬೇಕು. ಕಪಾಟು ನಿಲ್ಲಿಸಲು ಸ್ಕ್ರೂ, ಆಣಿ ಕೊಟ್ಟ ಉಪಕಾರಕ್ಕೆ ನನ್ನನ್ನೂ ಸದಸ್ಯನನ್ನಾಗಿ ಮಾಡಿಕೊಂಡಿದ್ದರು. ಮೊದಲ ಕೂಟದಲ್ಲಿ ನಾನು ಬಾಯಿ ಬಿಡಲಿಲ್ಲ.

"ನೀವು ಬಾಯಿ ಮುಚ್ಚಿ ಕೂತದ್ದಕ್ಕೆ ನಾನು ಯಾಕೆ ಬಾಣಲೆ ಇಡ್ಬೇಕು?" ಎಂದು ನನ್ನ ಹೆಂಡತಿ ದಮಯಂತಿ ಕೇಳಿದಳು. ಆದರೂ ಬಾಣಲೆ ಇಟ್ಟಳು. ಮೂವತ್ತು ಜನಕ್ಕಾಗುವಷ್ಟು ಕರಿದು, ಮುಂದಿನ ಸಲ ಹೀಗಾದರೆ ನೀವೇ ಹಿಟ್ಟು ಕಲಸಿ ಎಂದಳು.

ಮುಂದಿನ ಕೂಟಕ್ಕೆ ಹೋಗುವಾಗ ನನಗೆ ಹೆದರಿಕೆ ಇತ್ತು. ನನ್ನ ಸರದಿ ಬಂದಾಗ, ಹಿಂದಿನ ಸಂಜೆ ತೆಂಗಿನಕಾಯಿ ತುರಿಯುತ್ತಾ ದಮಯಂತಿ ಆಡಿದ ಮಾತು ನೆನಪಾಯಿತು. ವಾಚನಾಲಯದಿಂದ ನನ್ನ ಹೆಸರಿನಲ್ಲಿ ತಂದ ಪುಸ್ತಕವನ್ನು ಅವಳು ಮಧ್ಯಾಹ್ನ ಓದಿ ಮುಗಿಸುತ್ತಿದ್ದಳು, ಸಂಜೆ ಅದರ ಬಗ್ಗೆ ಮಾತಾಡುತ್ತಿದ್ದಳು. ನಾನು ಮೊಬೈಲ್ ನೋಡುತ್ತಾ ಹ್ಞೂಂಗುಟ್ಟುತ್ತಿದ್ದೆ. ಅದನ್ನೇ ಹೇಳಿಬಿಟ್ಟೆ. ಜನ ಚಪ್ಪಾಳೆ ತಟ್ಟಿದರು.

ಅಲ್ಲಿಂದ ಮುಂದೆ ಅದೇ ಅಭ್ಯಾಸವಾಯಿತು. ನಮ್ಮ ಮನೆಮಾತು ತುಳು. ಅವಳು ತುಳುವಿನಲ್ಲಿ ಹೇಳಿದ್ದನ್ನು ನಾನು ಕೂಟದಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೆ. ಅನುವಾದದ ಶ್ರಮವಾದರೂ ನನ್ನದೇ ತಾನೇ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಕಳ್ಳನಿಗೂ ಒಂದು ನ್ಯಾಯ ಬೇಕಾಗುತ್ತದೆ ನೋಡಿ.

ಕಾಸರಗೋಡಿಗೆ ಹಾಡಿನಲ್ಲೇ ಸಾಗುವ ನಾಟಕವೊಂದು ಬಂದಿತ್ತು. ಇಬ್ಬರೂ ಹೋಗಿದ್ದೆವು. ಎರಡು ಗಂಟೆಯಲ್ಲಿ ಮುಕ್ಕಾಲು ಗಂಟೆ ನಾನು ನಿದ್ದೆ ಮಾಡಿದೆ. ಮರುದಿನ ದಮಯಂತಿ ಹೇಳಿದಳು, "ರಾಣಿ ಆದವಳು ಜೋರು ಹಾಡಿದ್ಳು. ಆದ್ರೆ ಒಳ್ಳೆದು ಹಾಡಿದ್ದು ಹಿಂದೆ ಗುಂಪಿನಲ್ಲಿ ನಿಂತ ಹಸಿರು ಸೀರೆಯವಳು. ಅವಳೊಬ್ಬಳಿಗೇ ಅಂತ ಒಂದು ಸಾಲು ಕೊಡ್ಬೇಕಿತ್ತು." ಕೂಟದಲ್ಲಿ ನಾನಿದನ್ನು ಹೇಳಿದಾಗ ಅಧ್ಯಕ್ಷರಾದ ಶಿವಸುಬ್ರಹ್ಮಣ್ಯರು ಕನ್ನಡಕ ತೆಗೆದು ಒರೆಸಿಕೊಂಡರು. ಅವರು ನಿವೃತ್ತ ಪೋಸ್ಟ್‌ಮಾಸ್ಟರ್. ಸುಲಭಕ್ಕೆ ಮೆಚ್ಚುವ ಮನುಷ್ಯ ಅಲ್ಲ.

ಪ್ರಶಸ್ತಿಯ ಆಮಂತ್ರಣದಲ್ಲಿ 'ಕುಟುಂಬ ಸಮೇತ' ಎಂದು ಅಚ್ಚಾಗಿತ್ತು. ದಮಯಂತಿ ಅದನ್ನು ಎರಡು ಸಲ ಓದಿದಳು.

"ನಾನೂ ಬರ್ತೇನೆ. ನೀವು ಅಲ್ಲಿ ಎಂತ ಮಾತಾಡ್ತೀರಿ ಅಂತ ಒಮ್ಮೆ ಕೇಳ್ಬೇಕು."

"ಅಲ್ಲಿ ಎಂತ ಉಂಟು, ಬರೀ ಭಾಷಣ. ನಿನಗೆ ಉದಾಸೀನ ಆಗ್ಬಹುದು."

"ಮನೆಯಲ್ಲಿ ಮಾತೇ ಆಡದವರಿಗೆ ಮಾತಾಡಿದ್ದಕ್ಕೆ ಪ್ರಶಸ್ತಿ ಅಂದ್ರೆ ಉದಾಸೀನ ಹೇಗೆ ಆಗ್ತದೆ?"

ಅಲ್ಲಿ ಅವಳ ಮಾತನ್ನೇ ಅವಳೆದುರು ಹೇಳಿದರೆ ಸಿಕ್ಕಿಬೀಳುತ್ತೇನೆ. ಮೂವತ್ತೊಂದು ವರ್ಷದ ಸಂಸಾರದಲ್ಲಿ ಅವಳ ಎದುರು ನಾನು ಸಣ್ಣವನಾದದ್ದು ಅನೇಕ ಸಲ, ಆದರೆ ಕಳ್ಳನಾಗಿ ನಿಂತಿರಲಿಲ್ಲ. ಈ ಸಲ ಸ್ವಂತದ್ದೇ ಒಂದು ಅಭಿಪ್ರಾಯ ಹುಟ್ಟಿಸಬೇಕೆಂದು ತೀರ್ಮಾನಿಸಿದೆ.

ಪುಸ್ತಕ ಹಿಡಿದೆ. ಹನ್ನೊಂದನೇ ಪುಟದಲ್ಲಿ ಗೊರಕೆ ಹೊಡೆದೆನಂತೆ. ಅಷ್ಟರಲ್ಲಿ ಮಂಗಳೂರಿನಲ್ಲಿ ಒಂದು ಮದುವೆ ಬಂತು. ಊಟ ಮುಗಿಸಿ ವಾಪಸು ಬರುವಾಗ ಇನ್ನೂ ಹೊತ್ತು ಇತ್ತು, ಹತ್ತಿರದ ಮ್ಯೂಸಿಯಂಗೆ ಹೋಗುವ ಎಂದೆ. ದಮಯಂತಿಗೆ ಆಶ್ಚರ್ಯ. ರೇಷ್ಮೆ ಸೀರೆಯಲ್ಲೇ ಹೊರಟಳು.

ಒಳಗೆ ಹಳೆಯ ತುರಿಮಣೆಯ ಮುಂದೆ ನಿಂತು ಅವಳು ಶುರು ಮಾಡಿದಳು. "ಇದನ್ನು ಗೋಡೆಗೆ ಬೆನ್ನು ತಾಗಿಸಿ ಇಟ್ಟಿದ್ದಾರೆ. ತುರಿಯುವವಳು ಗೋಡೆಯ ಒಳಗೆ ಕೂರ್ಬೇಕಾ?" ಅಭಿಪ್ರಾಯ ತಯಾರಾಗಿ ಬಾಯಿಗೆ ಬಂದು ಬಿದ್ದಂತಿತ್ತು. ಇದು ನಿನ್ನದಲ್ಲ ಮಹಾಬಲ, ಮುಟ್ಟಬೇಡ ಎಂದು ನನಗೆ ನಾನೇ ಹೇಳಿಕೊಂಡು ಬೇರೆ ಕಡೆ ನಡೆದೆ. ಮೂಲೆಯಲ್ಲಿ ಒಂದು ಮರದ ಪೆಟ್ಟಿಗೆ ಇತ್ತು. ನಾನು ಬಗ್ಗಿ ಅದರ ಕೀಲು ನೋಡಿದೆ. ನೋಡುತ್ತಾ ಎಷ್ಟು ಹೊತ್ತು ನಿಂತೆನೋ, ಕಾವಲಿನವನು ಕೆಮ್ಮಿದ.

ವಾರ್ಷಿಕೋತ್ಸವದ ಭಾನುವಾರ ಮಧ್ಯಾಹ್ನ ವಾಚನಾಲಯದ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ದಮಯಂತಿ ಎರಡನೇ ಸಾಲಿನಲ್ಲಿ, ವಾಚನಾಲಯದ ಪುಸ್ತಕ ನೋಡಿಕೊಳ್ಳುವ ಈಶ್ವರಿಯ ಪಕ್ಕ ಕೂತಳು. ನನಗೆ ಶಾಲು ಹೊದಿಸಿದರು. ಆ ಸೆಕೆಗೆ ಅದು ಶಿಕ್ಷೆಯೇ. ಮಾತಾಡಲು ನಿಂತೆ.

"ಮ್ಯೂಸಿಯಂನಲ್ಲಿ ಒಂದು ಪೆಟ್ಟಿಗೆ ನೋಡಿದೆ. ಅದರ ಕೀಲಿಗೆ ಸ್ಕ್ರೂ ಇಲ್ಲ. ಕಬ್ಬಿಣವನ್ನು ಬಡಿದು ಬಡಿದು ಮರದ ಒಳಗೆ ಮಡಚಿದ್ದಾರೆ. ನೂರು ವರ್ಷ ಆದ್ರೂ ಮುಚ್ಚಳ ಸಡಿಲ ಆಗಲಿಲ್ಲ. ನಾನು ಮಾರುವ ಕೀಲು ಎರಡು ಮಳೆಗಾಲಕ್ಕೆ ಕಿರುಗುಟ್ಟುತ್ತದೆ. ನನಗೆ ನಾಚಿಕೆ ಆಯ್ತು, ಖುಷಿಯೂ ಆಯ್ತು. ಇಷ್ಟೇ." ಎರಡು ನಿಮಿಷವೂ ಆಗಿರಲಿಲ್ಲ. ಚಪ್ಪಾಳೆ ಅಲ್ಲೊಂದು ಇಲ್ಲೊಂದು ಬಿತ್ತು. ಬದುಕಿದೆಯಾ ಬಡಜೀವವೇ ಎಂದು ಕೂತೆ.

ಶಿವಸುಬ್ರಹ್ಮಣ್ಯರು ಮೈಕಿಗೆ ಬಂದರು. "ಮಹಾಬಲರು ಇವತ್ತು ವಿನಯಕ್ಕೆ ಸಣ್ಣದರಲ್ಲಿ ಮುಗಿಸಿದ್ರು. ಅವರ ತೂಕ ಎಷ್ಟು ಅಂತ ನಾನು ಹೇಳ್ತೇನೆ. ಆ ನಾಟಕದಲ್ಲಿ ಹಿಂದೆ ನಿಂತ ಹಸಿರು ಸೀರೆಯವಳನ್ನು ಕಂಡದ್ದು ಇವರೊಬ್ಬರೇ!"

ದಮಯಂತಿಯ ತಲೆ ಮೇಲೆದ್ದಿತು. ನಾನು ಶಾಲಿನ ಅಂಚು ನೋಡತೊಡಗಿದೆ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡನಂತೆ, ನನ್ನ ಹೆಗಲಿಗೆ ಅವರೇ ಶಾಲು ಬೇರೆ ಹೊದಿಸಿದ್ದರು.

"ಇನ್ನೊಂದು," ಎಂದರು ಅಧ್ಯಕ್ಷರು. "ಹಡಗಿನ ಅಡುಗೆಯವನೊಬ್ಬ ಬರೆದ ಆತ್ಮಕಥೆ ನಾವೆಲ್ಲ ಓದಿದ್ದೇವೆ. ಸಾವಿರಾರು ಜನಕ್ಕೆ ಬಡಿಸಿದವ ತಾನು ಉಂಡದ್ದನ್ನು ಬರೆಯಲೇ ಇಲ್ಲ, ಅದು ಪುಸ್ತಕದ ದೊಡ್ಡ ಕೊರತೆ ಅಂತ ಹೇಳಿದವರು ಇವರು. ಅದನ್ನು ಕೇಳಿದ ಮೇಲೆ ಆ ಲೇಖಕರನ್ನು ಇವತ್ತಿಗೆ ಕರೆಯುವ ಯೋಚನೆಯನ್ನೇ ನಾವು ಬಿಟ್ಟೆವು."

"ಅಯ್ಯೋ, ಅದು ಕೊರತೆ ಅಲ್ಲ!"

ದಮಯಂತಿ ಎದ್ದು ನಿಂತಿದ್ದಳು. ಎಲ್ಲರೂ ತಿರುಗಿ ನೋಡಿದರು. ಅವಳಿಗೆ ಅದರ ಪರಿವೆಯೇ ಇರಲಿಲ್ಲ.

"ಕೊನೆಯ ಅಧ್ಯಾಯದಲ್ಲಿ ಉಂಟಲ್ಲ. ಕೆಲಸ ಬಿಟ್ಟು ಊರಿಗೆ ಬರ್ತಾನೆ. ಹೆಂಡತಿ ಬಡಿಸ್ತಾಳೆ. ಎಲ್ಲಿ ಕೂರುದು ಅಂತ ಅವನಿಗೆ ಗೊತ್ತಾಗುದಿಲ್ಲ. ಬಟ್ಟಲು ಹಿಡ್ಕೊಂಡು ನಿಂತೇ ಇರ್ತಾನೆ. ಆ ಒಂದು ಊಟಕ್ಕಾಗಿ ಅವ ಮೊದಲು ಎಲ್ಲಿಯೂ ತನ್ನ ಊಟ ಬರೀಲಿಲ್ಲ. ಪುಸ್ತಕ ಇರುದೇ ಅಲ್ಲಿ. ನಾನು ಹೇಳಿದ್ದು ಇಷ್ಟೂ. ಇವರು ಅಂಗಡಿಯ ಫೋನು ಬಂತು ಅಂತ ಅರ್ಧದಲ್ಲಿ ಎದ್ದು ಹೋದ್ರು."

"ನೀವು ಹೇಳಿದ್ದಾ?" ಎಂದು ಶಿವಸುಬ್ರಹ್ಮಣ್ಯರು ಮೆಲ್ಲಗೆ ಕೇಳಿದರು.

ಆಗ ಅವಳಿಗೆ ಎಲ್ಲ ತಿಳಿಯಿತು. ನನ್ನ ಮುಖ ನೋಡಿದಳು, ಶಾಲು ನೋಡಿದಳು. ಈಗ ಬಿತ್ತು ಪೆಟ್ಟು ಎಂದುಕೊಂಡೆ. ಅವಳು ಸೆರಗು ಸರಿಮಾಡಿಕೊಂಡು, "ಹಾಗಲ್ಲ ಸಾರ್, ಮನೆಯಲ್ಲಿ ನಾವಿಬ್ಬರೂ ಮಾತಾಡಿಕೊಳ್ಳುವಾಗ... ಅವರದ್ದೇ ಅಭಿಪ್ರಾಯ, ನಾನು ಸುಮ್ಮನೆ..." ಎಂದು ಕೂರಲು ಹೋದಳು.

ನನ್ನ ಮರ್ಯಾದೆ ಉಳಿಸಲು ಅವಳು ಸುಳ್ಳು ಹೇಳುತ್ತಿದ್ದಳು, ಅದೂ ಊರ ಎದುರಿಗೆ. ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಇದನ್ನು ತಡೆಯಲಾಗಲಿಲ್ಲ. ಎದ್ದು ಹೋಗಿ ಮೈಕ್ ಹಿಡಿದೆ.

"ಅವಳು ಈಗ ಹೇಳಿದ್ದು ಸುಳ್ಳು. ನಾವು ಮಾತಾಡಿಕೊಳ್ಳುದಿಲ್ಲ. ಅವಳು ಮಾತಾಡುದು, ನಾನು ಹ್ಞೂಂ ಅನ್ನುದು. ಮೂರು ವರ್ಷದಿಂದ ಇಲ್ಲಿ ನಾನು ಹೇಳಿದ್ದೆಲ್ಲ ಅವಳದ್ದು. ಹಸಿರು ಸೀರೆ ಅವಳು ಕಂಡದ್ದು, ಆಗ ನನಗೆ ನಿದ್ದೆ. ಇವತ್ತಿನ ಪೆಟ್ಟಿಗೆ ಒಂದು ಮಾತ್ರ ನನ್ನದು."

ಮೊದಲು ಈಶ್ವರಿ ನಕ್ಕಳು. ಆಮೇಲೆ ಇಡೀ ಶಾಮಿಯಾನವೇ ನಕ್ಕಿತು. ಶಿವಸುಬ್ರಹ್ಮಣ್ಯರು ನಗಲಿಲ್ಲ. "ಹಾಗಾದ್ರೆ ಪೆಟ್ಟಿಗೆಗೆ ಇನ್ನೊಂದು ಚಪ್ಪಾಳೆ ಆಗ್ಬೇಕು ಮಾರಾಯ್ರೆ," ಎಂದು ತಾವೇ ತಟ್ಟಿದರು. ನಂತರ ದಮಯಂತಿಯನ್ನು ಮೈಕಿಗೆ ಕರೆದರು. ನಾನು ಶಾಲು ತೆಗೆದು ಅವಳತ್ತ ಚಾಚಿದೆ.

"ಈ ಸೆಕೆಗೆ ನನಗೆ ಬೇಡ, ನೀವೇ ಹೊದ್ದುಕೊಳ್ಳಿ," ಎಂದಳು. ಮತ್ತೆ ಅಡುಗೆಯವನ ಪುಸ್ತಕದ ಬಗ್ಗೆ ಮಾತಾಡಿದಳು. ನಾಟಕದ ಬಗ್ಗೆ, ಗೋಡೆಗೆ ತಾಗಿಸಿಟ್ಟ ತುರಿಮಣೆಯ ಬಗ್ಗೆಯೂ ಹೇಳಿದಳು. ಐದು ನಿಮಿಷದ ನಿಯಮವನ್ನು ಯಾರೂ ನೆನಪಿಸಲಿಲ್ಲ. ಈಶ್ವರಿ ಅಲ್ಲೇ ಕೂತು ಅವಳ ಹೆಸರಿನಲ್ಲಿ ಸದಸ್ಯತ್ವದ ಕಾರ್ಡು ಬರೆದಳು. ಲೇಖಕರಿಗೆ ಕಾಗದ ಬರೆದು ಮುಂದಿನ ಕೂಟಕ್ಕೆ ಕರೆಯುವುದೆಂದು ತೀರ್ಮಾನವಾಯಿತು.

ಸಂಜೆ ಸ್ಕೂಟರಿನಲ್ಲಿ ಬಂದ್ಯೋಡಿನ ಕಡೆಗೆ, ಮನೆಗೆ ಹೊರಟೆವು. ಒಂದೆರಡು ಮೈಲಿ ಹೋದ ಮೇಲೆ ಕನ್ನಡಿಯಲ್ಲಿ ಹಿಂದೆ ಕೂತವಳ ಮುಖ ನೋಡಿದೆ.

"ಕೋಪ ಉಂಟಾ?" ಎಂದೆ.

"ಇಲ್ಲದೆ ಉಂಟಾ? ನನ್ನ ಮಾತಿಗೆ ನಿಮಗೆ ಚಪ್ಪಾಳೆ."

"ತಪ್ಪಾಯ್ತು ದಮಯಂತಿ."

ಅವಳು ಮುಂದಕ್ಕೆ ಬಾಗಿ ಹೇಳಿದಳು. "ಮೂವತ್ತೊಂದು ವರ್ಷದಿಂದ ನಾನು ಮನೆಯ ತುರಿಮಣೆಯ ಒಟ್ಟಿಗೇ ಮಾತಾಡುದು ಅಂತ ಎಣಿಸಿದ್ದೆ. ನಿಮ್ಮ ಹ್ಞೂಂ ಬರೀ ಹ್ಞೂಂ ಅಂತ ಎಣಿಸಿದ್ದೆ. ನೀವು ಎಲ್ಲಾ ಕೇಳ್ತಾ ಇದ್ರಿ ಅಲ್ವಾ."

ಅಷ್ಟು ವರ್ಷ ಅವಳು ಹಾಗೆ ಅಂದುಕೊಂಡೇ ಮಾತಾಡಿದ್ದಳಲ್ಲ ಎಂದು ಸಂಕಟವಾಯಿತು. ಈಗ ಅವಳ ದನಿಯಲ್ಲಿದ್ದ ಸಂತೋಷ ಕೇಳಿ ನನಗೂ ಸಂತೋಷವಾಯಿತು.

"ಆ ಪೆಟ್ಟಿಗೆಯ ಕೀಲು ನಾನು ನೋಡಲೇ ಇಲ್ಲ," ಎಂದಳು. "ಸ್ಕ್ರೂ ಇಲ್ಲದೆ ಹೇಗೆ ನಿಲ್ಲುದು? ಸರಿಯಾಗಿ ಹೇಳಿ."

ಗಾಳಿಗೆ ಅವಳಿಗೆ ಕೇಳಿಸಲಿಕ್ಕಿಲ್ಲವೆಂದು ನಾನು ಸ್ಕೂಟರನ್ನು ರಸ್ತೆಯ ಬದಿಗೆ ನಿಲ್ಲಿಸಿದೆ.