ಉದ್ಘಾಟನೆಯಾಗದ ಯಂತ್ರ

"ಇನ್ನೂ ಉದ್ಘಾಟ್ನೆ ಆಗಿಲ್ವಲ್ಲ ಮೇಡಮ್ಮೋರೆ," ಎಂದ ಮಲ್ಲಪ್ಪ, ಪಾವಗಡದಿಂದ. "ಅದ್ಕೇ ಪ್ರಿನ್ಸಿಪಾಲ್ರು ಬೀಗ ಹಾಕವ್ರೆ."

ಮ್ಯಾಂಚೆಸ್ಟರಿನ ಫಾಲೋಫೀಲ್ಡಿನ ಬಾಡಿಗೆ ಮನೆಯಲ್ಲಿ ದಾಕ್ಷಾಯಣಿ ಫೋನು ಹಿಡಿದು ಕುಳಿತಳು. ಬಡದೇಶಗಳ ವಿಜ್ಞಾನಕ್ಕೆ ನೆರವಾಗುವ ಯೋಜನೆಯೊಂದು ಅವಳನ್ನು ಸಂಶೋಧನೆಗೆಂದು ಇಲ್ಲಿಗೆ ಕರೆಸಿ, ನೀರಿನಲ್ಲಿ ಸೇರಿ ಮೂಳೆ ಬಾಗಿಸುವ ಫ್ಲೋರೈಡನ್ನು ಅಳೆಯುವ ಯಂತ್ರವನ್ನು ಅವಳು ಪಾಠ ಹೇಳುತ್ತಿದ್ದ ಪಾವಗಡದ ಕಾಲೇಜಿಗೆ ಕಳಿಸಿತ್ತು. ಮುನ್ನೂರು ಕೊಳವೆಬಾವಿಗಳ ವರದಿ ಶುಕ್ರವಾರದೊಳಗೆ ಕೊಟ್ಟರೆ ಎರಡನೆಯ ಹಂತ, ಅಂದರೆ ಹಳ್ಳಿಗಳಿಗೆ ಒಳ್ಳೆಯ ನೀರು. ಇಲ್ಲದಿದ್ದರೆ ಕಡತ ಮುಚ್ಚಿದಂತೆ. ಯಂತ್ರ ಹೋಗಿ ಹದಿನಾಲ್ಕು ತಿಂಗಳಾಗಿತ್ತು. 'ಕಾರ್ಯ ಪ್ರಗತಿಯಲ್ಲಿದೆ' ಎಂದು ಪ್ರಿನ್ಸಿಪಾಲರು ತಪ್ಪದೆ ಬರೆಯುತ್ತಿದ್ದರು. ಪೆಟ್ಟಿಗೆಯ ಒಂದು ಮೊಳೆಯನ್ನೂ ಕಿತ್ತಿರಲಿಲ್ಲ.

ಯಾರನ್ನು ಬೈಯುವುದು? ಯಂತ್ರಕ್ಕೆ ಕೋಣೆ ಕೊಡಲು ಪ್ರಿನ್ಸಿಪಾಲರು ಮೀನಮೇಷ ಎಣಿಸುತ್ತಿದ್ದಾಗ, ಮಂತ್ರಿಗಳ ಕೈಲಿ ಉದ್ಘಾಟನೆ ಮಾಡಿಸಿ ಸಾರ್, ಕಲ್ಲಿನ ಮೇಲೆ ನಿಮ್ಮ ಹೆಸರೂ ಬರುತ್ತದೆ ಎಂದು ಬರೆದವಳು ಅವಳೇ. ನಮ್ಮವರ ನಾಡಿಮಿಡಿತ ತನಗೆ ಗೊತ್ತೆಂದು ಆಗ ಹೆಮ್ಮೆಪಟ್ಟಿದ್ದಳು. ಕೋಣೆ ವಾರದಲ್ಲೇ ಸಿಕ್ಕಿತು. ಮಂತ್ರಿ ಇವತ್ತಿಗೂ ಸಿಕ್ಕಿಲ್ಲ.

"ನೀವೇ ಮೆಲ್ಲಗೆ ಬಿಚ್ಚಿಬಿಡಿ ಮಲ್ಲಪ್ಪ. ಕೆಲಸ ಶುರುವಾಗಿದೆ ಅಂತಾದ್ರೂ ಇಲ್ಲಿ ಹೇಳ್ತೀನಿ."

"ಅಟೆಂಡರ್ ನಾನು. ರಿಟೈರಾಗೋಕೆ ಎರಡೇ ವರ್ಸ ಐತೆ, ಬ್ಯಾಡಿ."

ಶುಕ್ರವಾರ ಯೋಜನೆಯ ಕಚೇರಿಯಲ್ಲಿ ಬಿಳಿಗೂದಲಿನ ಅಧಿಕಾರಿಣಿ ಚಹಾ ಕೊಟ್ಟು, ಎಲ್ಲವನ್ನೂ ಸಹನೆಯಿಂದ ಕೇಳಿದಳು. ಯಂತ್ರ ಒಡೆಯದೆ ತಲುಪಿದೆ ತಾನೇ ಎಂದಳು. ತಲುಪಿದೆ ಎಂದಳು ದಾಕ್ಷಾಯಣಿ. ಹಾಗಾದರೆ ಮೊದಲ ಹಂತ ಯಶಸ್ವಿ ಎಂದು ಬರೆದುಕೊಂಡ ಅಧಿಕಾರಿಣಿ, ಎರಡನೆಯದು ಬೇರೆ ದೇಶಕ್ಕೆ ಹೋಗುತ್ತದೆ ಎಂದು ಮೆತ್ತಗೆ ತಿಳಿಸಿದಳು. ಗದರಿದ್ದರೆ ಎಷ್ಟೋ ವಾಸಿಯಿತ್ತು.

ಭಾನುವಾರ ಬೆಳಿಗ್ಗೆ ಸುದ್ದಿ ಹೇಳಲೆಂದೇ ಮಲ್ಲಪ್ಪನ ಮನೆಗೆ ಫೋನು ಮಾಡಿದಳು. ಅವನೇ ಮೊದಲು ಮಾತು ತೆಗೆದ.

"ನಿಮ್ಮನ್ನೇ ನೆನಸ್ಕಂತಿದ್ದೆ. ನಮ್ಮ ಮೊಮ್ಮಗಳು ಬಸಮ್ಮ, ಆರು ವರ್ಸ. ಮಂಡಿ ಸೊಟ್ಟಗಾಗ್ತಾ ಐತೆ. ಮಿಷಿನ್ ಬಿಚ್ದಾಗ ನಮ್ಮ ನೀರೇ ಮೊದ್ಲು ನೋಡ್ತೀರಾ?"

ಕಾಲೇಜಿನಲ್ಲಿ ಸುಳ್ಳು ಹೇಳಿದವರನ್ನು ಅವಳು ಹೊರಗೆ ನಿಲ್ಲಿಸುತ್ತಿದ್ದಳು.

"ನೋಡ್ತೀನಿ ಮಲ್ಲಪ್ಪ. ಮೊದ್ಲು ನಿಮ್ದೇ."

"ಹಂಗಾರೆ ಈಗ್ಲೇ ಒಂದು ಬಾಟ್ಲಿ ಹಿಡಿದಿಡ್ತೀನಿ. ಬೋರು ಮನೆ ಮುಂದೇನೇ ಐತೆ. ಇರಿ."

ಅವನು ಫೋನನ್ನು ಕಟ್ ಮಾಡದೆ ಕೆಳಗಿಟ್ಟು ಹೋದ. ದಾಕ್ಷಾಯಣಿ ಕಿವಿಯಿಂದ ತೆಗೆಯಲಿಲ್ಲ. ಆ ಕಡೆ ಕೈಪಂಪು ಒತ್ತುವ ಸದ್ದು ಶುರುವಾಯಿತು.